ಗಸಿ ಕೂರುವ ತನಕ

ಊರಿನ ಹಾಲ್‌ನ ಬಾಗಿಲನ್ನು ಹೆಸ್ಟರ್ ತೆರೆದಾಗ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಅವಳ ಪೀಪಾಯಿಗೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿ, ಮಂಡಿಯೂರಿ ಕೂತಿದ್ದ.

ಅವಳು ಹೊಸ್ತಿಲಲ್ಲೇ ನಿಂತಳು. ಮರುಕ್ಷಣ ಸಿಟ್ಟು ನೆತ್ತಿಗೇರಿತು.

ಹಿಂದಿನ ದಿನವಿಡೀ ನಾಲ್ಕು ಜನರ ಜೊತೆ ಸೇರಿ, ಬೆನ್ನು ಮುರಿದುಕೊಂಡು, ಹದಿನೆಂಟು ಪೀಪಾಯಿಗಳನ್ನು ಅವಳು ಮೊಣಕಾಲೆತ್ತರದ ಮರದ ಅಟ್ಟಣೆಯ ಮೇಲೆ ಸಾಲಾಗಿ ಮಲಗಿಸಿದ್ದಳು. ಒಂದೊಂದಕ್ಕೂ ಒದ್ದೆ ಗೋಣಿ ಹೊದಿಸಿ, ಎದುರಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಮುಟ್ಟಬೇಡಿ' ಎಂದು ಬರೆದಿಟ್ಟಿದ್ದಳು. ಈ ಮಹಾಶಯ ಆ ಹಲಗೆಗೇ ತನ್ನ ಕೋಟು ನೇತುಹಾಕಿದ್ದ!

ಮೇಜಿನ ಮೇಲಿದ್ದ ಕೊಡತಿ ತಾನಾಗಿ ಅವಳ ಕೈಗೆ ಬಂತು.

"ಕೈ ತೆಗೀರಿ. ಓದೋಕೆ ಬರಲ್ವಾ ನಿಮಗೆ?"

ಅವನು ಕಣ್ಣು ತೆರೆಯಲಿಲ್ಲ. ಒಂದು ಬೆರಳೆತ್ತಿ, ತಡಿ ಎಂಬಂತೆ ಸನ್ನೆ ಮಾಡಿದ.

"ಇದು ಉಸಿರಾಡ್ತಿಲ್ಲ" ಎಂದ ಮೆಲ್ಲಗೆ. "ಹದಿನೆಂಟರಲ್ಲಿ ಒಂದೂ ಉಸಿರಾಡ್ತಿಲ್ಲ. ಗಟ್ಟಿ ಬೆಣೆ ಹೊಡೆದವರು ಯಾರು?"

"ನಾನು. ಏನಾಯ್ತು ಈಗ?"

"ಇನ್ನೂ ಏನೂ ಆಗಿಲ್ಲ. ನಾಳೆ ನಲ್ಲಿ ಬಡಿಯೋಕೆ ಹೋಗಿದ್ರೆ ಬಿಯರ್ ಸೂರಿಗೆ ಹಾರ್ತಿತ್ತು. ಜೊತೆಗೆ ನೀವೂ."

ಹೆಸ್ಟರ್ ತಿರುಗಿ ನೋಡಿದಳು. ಮೇಜಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಗಾಳಿಯಾಡಲು ಬಿಡುವ ಬಿದಿರಿನ ಬೆಣೆಗಳು, ಇನ್ನೊಂದರಲ್ಲಿ ಗಾಳಿ ಬಂದ್ ಮಾಡುವ ಗಟ್ಟಿ ಮರದವು. ಮೊದಲು ಬಿದಿರು, ತಳಕ್ಕೆ ಗಸಿ ಕೂತ ಮೇಲೆ ಮರ. ಸೋದರಮಾವ ನೂರು ಸಲ ಹೇಳಿದ್ದ. ಅವಳು ನೂರು ಸಲವೂ ತಲೆಯಾಡಿಸಿ, ಕೊನೆಗೆ ಉಲ್ಟಾ ಹೊಡೆದಿದ್ದಳು.

ಕೊಡತಿ ಹಿಡಿದ ಕೈ ಇಳಿಯಿತು. ಕಿವಿ ಬಿಸಿಯಾಯಿತು.

"ನೀವು ಯಾರು?"

"ರೂಬೆನ್. ನಿಮ್ಮ ಮಾವ ಕರೆಸಿದ್ರು. ಕೊಡತಿ ಕೊಡ್ತೀರಾ, ಇಲ್ಲಾ ಅದರಲ್ಲಿ ಮೊದಲು ನನಗೇ ಒಂದು ಕೊಡ್ತೀರಾ?"

*

ಥಾರ್ಪ್‌ಲೋ ಎಂಬ ಆ ಡರ್ಬಿಶೈರ್ ಹಳ್ಳಿಯಲ್ಲಿ ಮೂವತ್ತೊಂದು ವರ್ಷಗಳಿಂದ ಪ್ರತಿ ಸೆಪ್ಟೆಂಬರಿನಲ್ಲೂ ಬಿಯರ್ ಹಬ್ಬ ನಡೆಯುತ್ತಿತ್ತು. ಹೆಸ್ಟರಳ ಸೋದರಮಾವ ವಿಲ್ಫ್ ಅದನ್ನು ಶುರುಮಾಡಿದವನು. ಸೀಸೆಯಲ್ಲಿ ಸತ್ತು ಮಲಗಿದ ಬಿಯರಿಗೆ ಅಲ್ಲಿ ಪ್ರವೇಶವಿಲ್ಲ. ಪೀಪಾಯಿಯೊಳಗೆ ಇನ್ನೂ ಜೀವ ಹಿಡಿದು ಹುದುಗುವ, ಉಸಿರಾಡುವ, ಹಾಸಿಗೆ ಹಿಡಿದ ಅಜ್ಜಿಯಂತೆ ಆರೈಕೆ ಕೇಳುವ ಬಿಯರಿಗಷ್ಟೇ ಮರ್ಯಾದೆ.

ಹಬ್ಬ ಶುರುವಾಗುವುದಕ್ಕೂ ಒಂದು ಕ್ರಮವಿತ್ತು. ಶುಕ್ರವಾರ ಮಧ್ಯಾಹ್ನ ವಿಲ್ಫ್ ಮೊದಲ ಲೋಟ ಹಿಡಿದು, ದೊಡ್ಡ ಕಿಟಕಿಯ ಬೆಳಕಿಗೆ ಎತ್ತಿ, ಅದರ ಹಿಂದೆ ಒಂದು ಕಾರ್ಡು ಇಟ್ಟು, ಬಿಯರಿನ ಮೂಲಕವೇ ಅಕ್ಷರಗಳನ್ನು ಗಟ್ಟಿಯಾಗಿ ಓದಬೇಕು. ಓದಲು ಬಂದರೆ ಬಿಯರ್ ತಿಳಿಯಾಗಿದೆ ಎಂದರ್ಥ. ಅಲ್ಲಿಯ ತನಕ ಪಾದ್ರಿಗೂ ಒಂದು ಹನಿ ಸಿಗುವುದಿಲ್ಲ.

ಹೋದ ವರ್ಷವೂ ವಿಲ್ಫ್ ಓದಿದ. ತಡವರಿಸದೆ ಓದಿದ. ಆದರೆ ಲೋಟದಲ್ಲಿದ್ದದ್ದು ಕೆಸರು. ಅವನ ಕಣ್ಣು ಅಷ್ಟರಲ್ಲಾಗಲೇ ಮಸುಕಾಗಿ ಹೋಗಿತ್ತು. ಯಾರಿಗೂ ಹೇಳದೆ, ಪ್ರತಿ ವರ್ಷ ಓದುವ ಅದೇ ಸಾಲುಗಳನ್ನು ಬಾಯಿಪಾಠ ಒಪ್ಪಿಸಿಬಿಟ್ಟಿದ್ದ.

ಊರವರು ಒಳ್ಳೆಯವರು. ಕೆಸರನ್ನೇ ಕುಡಿದು, ಬೆನ್ನು ತಟ್ಟಿ, ಸೊಗಸಾಗಿದೆ ಎಂದು ಮನೆಗೆ ಹೋದರು. ಅಭಿಪ್ರಾಯದ ಡಬ್ಬಿಯಲ್ಲಿ ಮಾತ್ರ ಹೆಸರಿಲ್ಲದ ಒಂದು ಕಾರ್ಡು ಸಿಕ್ಕಿತು. ಉದ್ದುದ್ದ ಬಾಲದ ಅಕ್ಷರಗಳು. ಮಾವನಿಗೆ ಅದನ್ನು ಓದಿ ಹೇಳಿದವಳು ಹೆಸ್ಟರಳೇ. ಊರೂರಿಗೆ ಲೈಬ್ರರಿಯ ಗಾಡಿ ಓಡಿಸುವ ಅವಳು ಜೀವಮಾನದಲ್ಲಿ ಎಷ್ಟೋ ಪುಟ ಗಟ್ಟಿಯಾಗಿ ಓದಿದ್ದಳು. ಅಷ್ಟು ಕಷ್ಟಪಟ್ಟು ಓದಿದ್ದು ಆ ಮೂರು ಸಾಲು ಮಾತ್ರ.

'ಇದನ್ನು ಮಾಡಿದವನು ಮೂರು ವಾರ ನಿದ್ದೆಗೆಟ್ಟಿದ್ದ. ನೀವು ಅದನ್ನು ಒಂದೇ ದಿನದಲ್ಲಿ ಕೆಸರು ಮಾಡಿದಿರಿ. ಇನ್ನು ಮೇಲಾದರೂ ಕಣ್ಣಿದ್ದವರು ಪೀಪಾಯಿ ನೋಡಿಕೊಳ್ಳಲಿ.'

ಆವತ್ತಿನಿಂದ ವಿಲ್ಫ್ ಹಾಲ್ ಕಡೆ ತಲೆ ಹಾಕಿರಲಿಲ್ಲ. ಹಾಲ್‌ನ ಸಮಿತಿಯವರೂ ಒಂದು ಮಾತು ಹೇಳಿದ್ದರು. ಈ ವರ್ಷವೂ ಕೆಸರಾದರೆ ಹಬ್ಬಕ್ಕೆ ಮಂಗಳ, ಆ ವಾರ ನಾಯಿಗಳ ಪ್ರದರ್ಶನಕ್ಕೆ ಕೊಡುತ್ತೇವೆ.

ಮಾವನ ಮೂವತ್ತೊಂದು ವರ್ಷದ ಹಬ್ಬ ನಾಯಿಪಾಲಾಗಲು ಬಿಡುವುದೇ? ಹೆಸ್ಟರ್ ಸೆರಗಿಲ್ಲದಿದ್ದರೂ ಸೊಂಟ ಕಟ್ಟಿ ನಿಂತಿದ್ದಳು. ಆದ್ದರಿಂದಲೇ ಮಾವ ಹೇಳದೆ ಕೇಳದೆ ಕರೆಸಿದ ಈ ಗಂಡಸನ್ನು ಅವಳು ಹೊರಗೆ ಹಾಕಲಿಲ್ಲ.

*

ರೂಬೆನ್ ಹೊಳೆಯಾಚೆ ಒಂದು ಹಳೇ ಕೊಟ್ಟಿಗೆಯಲ್ಲಿ ಒಬ್ಬನೇ ಬಿಯರ್ ಮಾಡುವವನಂತೆ. ಹದಿನೆಂಟನೇ ಪೀಪಾಯಿ ಅವನದೇ. 'ಮುಳ್ಳುಬೇಲಿ' ಎಂದು ಅದರ ಹೆಸರು.

ಆ ಬುಧವಾರವಿಡೀ ಹೆಸ್ಟರ್ ಅವನ ಕೈಗಳನ್ನೇ ನೋಡಿದಳು. ನೋಡಬಾರದೆಂದುಕೊಂಡೇ ನೋಡಿದಳು.

ಎಂಥ ಕೈ! ಗಟ್ಟಿ ಬೆಣೆಯನ್ನು ಕೂದಲೆಳೆಯಷ್ಟು ಸಡಿಲಿಸಿ, ಒಳಗಿನ ಗಾಳಿ ಸುಯ್ಯೆಂದು ಹೊರಬರುವ ತನಕ ಹೆಬ್ಬೆರಳಲ್ಲಿ ಅದುಮಿ ಹಿಡಿದು, ಆಮೇಲೆ ಬಿದಿರನ್ನು ಕೂರಿಸುತ್ತಿದ್ದ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಪ್ರತಿ ಪೀಪಾಯಿಗೂ ಕಿವಿಗೊಡುತ್ತಿದ್ದ. ಗೋಣಿ ಒಣಗಿದೆಯೇ ಎಂದು ಅಂಗೈ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

'ಇಷ್ಟು ಜೋಪಾನ ಮಾಡುವವನು ಯಾರಿಗಾದರೂ ಕೆಟ್ಟದ್ದು ಮಾಡಿಯಾನೇ?' ಎಂದಿತು ಅವಳ ಮನಸ್ಸು. 'ನಿನಗ್ಯಾಕೆ ಅದು?' ಎಂದು ಅವಳೇ ಗದರಿಸಿಕೊಂಡಳು.

ಗುರುವಾರ ಬೆಳಿಗ್ಗೆ ನಲ್ಲಿ ಬಡಿಯುವುದನ್ನು ಅವಳಿಗೂ ಕಲಿಸಿದ. ಅನುಮಾನ ಬೇಡ, ಒಂದೇ ಏಟು ಎಂದ. ಅವಳ ಮೊದಲ ಏಟಿಗೆ ನಲ್ಲಿ ಸರಿಯಾಗಿ ಕೂತಾಗ ಅವನು ನಕ್ಕ ನಗೆ ಕಂಡು, ತಿಂಡಿ ಮೇಜಿನ ಹತ್ತಿರ ಬನ್ನಿಗೆ ಚೀಸ್ ತುಂಬುತ್ತಿದ್ದ ಡೊರೀನಕ್ಕ ಕೆಮ್ಮಿದಳು. ಡೊರೀನಕ್ಕನ ಕೆಮ್ಮು ಊರಿಗೆಲ್ಲ ಅರ್ಥವಾಗುವಂಥದು.

ಹದಿನೇಳಕ್ಕೆ ನಲ್ಲಿ ಹಾಕಿ ಅವನು ಎದ್ದ. ಇದೊಂದು ಬಾಕಿ ಎಂದು ಹೆಸ್ಟರ್ 'ಮುಳ್ಳುಬೇಲಿ'ಯನ್ನು ತೋರಿಸಿದಾಗ, "ನನ್ನದು ಕೊನೆಗಿರಲಿ. ಊರವರದು ಮೊದಲು" ಎಂದ.

ಅವಳಿಗೆ ಅದೂ ಇಷ್ಟವಾಗಿಹೋಯಿತು. ಮಧ್ಯಾಹ್ನದ ಚಹಾ ಇಬ್ಬರೂ ಒಂದೇ ಫ್ಲಾಸ್ಕಿನಿಂದ ಕುಡಿದರು.

ಆಮೇಲೆ ಅವನು ಪೀಪಾಯಿಗಳಿಗೆ ನೇತುಹಾಕಲು ಕಾರ್ಡು ಬರೆಯತೊಡಗಿದ. ಹೆಸ್ಟರ್ ಒಂದೊಂದನ್ನೇ ಎತ್ತಿಕೊಂಡು ದಾರ ಕಟ್ಟುತ್ತಿದ್ದಳು. ಮೂರನೇ ಕಾರ್ಡಿಗೆ ಅವಳ ಕೈ ನಿಂತಿತು.

ಉದ್ದುದ್ದ ಬಾಲದ ಅಕ್ಷರಗಳು...

"ಹೋದ ವರ್ಷ ಡಬ್ಬಿಗೆ ಆ ಕಾರ್ಡು ಹಾಕಿದ್ದು ನೀವಾ?"

ಅವನ ಮುಖದ ಬಣ್ಣ ಇಳಿಯಿತು. ಸುಳ್ಳು ಹೇಳಲು ಹೋಗಲಿಲ್ಲ.

"ಹೌದು. ಆವತ್ತು ಕೆಸರಾಗಿದ್ದು ನನ್ನ ಬಿಯರ್."

"ಕಣ್ಣಿದ್ದವರು ನೋಡಿಕೊಳ್ಳಲಿ ಅಂತ ಬರೆದ್ರಲ್ಲ, ಅವರಿಗೆ ಕಣ್ಣು ಕಾಣಲ್ಲ. ಅದನ್ನ ನನ್ನ ಬಾಯಲ್ಲೇ ಅವರಿಗೆ ಓದಿಸಿದ್ರಿ ನೀವು."

"ಆಗ ನನಗೆ ಗೊತ್ತಿರಲಿಲ್ಲ, ಹೆಸ್ಟರ್. ಗೊತ್ತಾದ ಮೇಲೆ..."

"ಹೋಗಿ" ಎಂದಳು. ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟಳು. "ದಯವಿಟ್ಟು ಹೋಗಿಬಿಡಿ."

ಅವನು ಕೋಟು ತೆಗೆದುಕೊಂಡ. ಬಾಗಿಲ ತನಕ ಹೋದವನು ನಿಂತ.

"ಸಂಜೆ ಆರಕ್ಕೆ ಬಿದಿರು ತೆಗೆದು ಗಟ್ಟಿ ಬೆಣೆ ಹಾಕಿ. ಗೋಣಿ ಒಣಗೋಕೆ ಬಿಡಬೇಡಿ" ಎಂದಷ್ಟೇ ಹೇಳಿ ಹೊರಟುಹೋದ.

ಆ ಹೊತ್ತಿನಲ್ಲೂ ಪೀಪಾಯಿಯ ಚಿಂತೆ! ಅದೇ ಅವಳ ಸಿಟ್ಟಿಗೆ ತುಪ್ಪ ಸುರಿಯಿತು. ಎರಡು ದಿನ ಆ ಕೈಗಳನ್ನು ಮೆಚ್ಚಿ ನೋಡಿದ ತನ್ನ ಕಣ್ಣುಗಳ ಮೇಲೂ ಸಿಟ್ಟು ಬಂತು. ಅವನದೇನೂ ಇಲ್ಲಿ ಇರಕೂಡದು. ಹದಿನೆಂಟನೇ ಪೀಪಾಯಿಯನ್ನು ಎರಡೂ ಕೈಯಿಂದ ತಬ್ಬಿ, ಅಟ್ಟಣೆಯಿಂದ ಎಳೆದು ಕೆಳಗಿಳಿಸಿ, ಮೂಲೆಯವರೆಗೆ ಉರುಳಿಸಿದಳು.

ಒಳಗೆ ಗುಳಗುಳ ಸದ್ದಾಯಿತು. ಬಿದಿರಿನ ಬೆಣೆಯ ಸುತ್ತ ಕಂದು ನೊರೆ ಉಕ್ಕಿ ಅವಳ ಬೂಟಿನ ಮೇಲೆ ಸುರಿಯಿತು.

ಹೆಸ್ಟರ್ ಕಲ್ಲಾಗಿ ನಿಂತಳು. ಗಸಿ ಕೂತ ಪೀಪಾಯಿಯನ್ನು ಅಲುಗಾಡಿಸಬಾರದು. ಥಾರ್ಪ್‌ಲೋದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಅವಳಿಗೂ ಗೊತ್ತಿತ್ತು.

ಅದೇ ಹಾಲ್, ಅದೇ ಮನುಷ್ಯನ ಬಿಯರ್, ಎರಡನೇ ಸಲ ಕೆಸರು. ಈ ಸಲ ಮಾಡಿದವಳಿಗೆ ಎರಡು ಕಣ್ಣೂ ಚೆನ್ನಾಗಿದ್ದವು.

*

ವಿಲ್ಫ್ ಮಾವ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದ. ಹೆಸ್ಟರ್ ಎಲ್ಲವನ್ನೂ ಹೇಳಿದಳು, ತನ್ನ ತಪ್ಪನ್ನೂ ಬಿಡದೆ. ಅವನು ರೇಡಿಯೋ ಆರಿಸಿ, ಅಂಗಿಯ ಜೇಬಿನಿಂದ ಏನೋ ಹೊರತೆಗೆದ. ಮೂಲೆ ಮಡಚಿದ, ಬೆವರು ಹತ್ತಿದ ಅದೇ ಕಾರ್ಡು!

"ಅವನೇ ಬರೆದಿದ್ದು ಅಂತ ನನಗೆ ಆಗಲೇ ಗೊತ್ತು ಕಣೇ" ಎಂದ. "ಬರೆದವನು ಯಾರು ಅಂತ ನಾನೇ ವಿಚಾರಿಸಿ ಹುಡುಕಿದೆ. ಎಳ್ಳಷ್ಟೂ ಸಿಟ್ಟಿರಲಿಲ್ಲ ನನಗೆ."

"ಮತ್ತೆ ಹಾಲ್ ಕಡೆ ಯಾಕೆ ಹೋಗ್ತಿರಲಿಲ್ಲ?"

"ನಾಚಿಕೆಯಾಗಿತ್ತು. ನೂರಿಪ್ಪತ್ತು ಜನ ಕುಡಿದ್ರು, ಅಷ್ಟೂ ಜನ ನನ್ನ ಮುಖ ನೋಡಿ ಸುಳ್ಳು ಹೇಳಿದ್ರು. ಪ್ರೀತಿಯಿಂದಲೇ ಹೇಳಿದ್ರು ಬಿಡು. ನೀನೂ ಹೇಳಿದೆ. ಬಿಯರ್ ಪರವಾಗಿ ಮಾತಾಡಿದವನು ಇವನೊಬ್ಬನೇ. ಇಂಥವನ ಕೈಗೆ ಕೊಡದೆ ಹಬ್ಬಾನ ಇನ್ಯಾರ ಕೈಗೆ ಕೊಡಲಿ?"

ಹೆಸ್ಟರ್ ತಲೆ ತಗ್ಗಿಸಿದಳು. ಹೌದು, ಅವಳೂ ಸೊಗಸಾಗಿದೆ ಎಂದಿದ್ದಳು.

ವಸಂತದಲ್ಲಿ ರೂಬೆನ್ ಮೂರು ಸಲ ಮನೆಗೆ ಬಂದಿದ್ದನಂತೆ. ಕಣ್ಣಿನ ವಿಷಯ ಕೇಳಿ, ಇದೇ ಕೋಣೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದನಂತೆ. ಹೆಸ್ಟರಿಗೆ ಹೇಳಿಬಿಡುತ್ತೇನೆ ಎಂದವನನ್ನು ತಡೆದವನು ಮಾವನೇ. ಗೊತ್ತಾಗಿದ್ದರೆ ನೀನು ಅವನನ್ನು ಹಾಲ್‌ನ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ ಎಂದ.

"ಈಗ ಏನು ಮಾಡಲಿ ಮಾವ?" ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಪೀಪಾಯಿ ಎತ್ತಿ ಅದರ ಜಾಗದಲ್ಲಿ ಮಲಗಿಸು. ಆಮೇಲೆ ಸುಮ್ನಿರು. ಗಸಿ ಕೂರೋಕೆ ಎರಡು ದಿನ ಬೇಕು. ಮನುಷ್ಯರಿಗೆ ಎಷ್ಟು ದಿನ ಬೇಕೋ, ಅದು ನನಗೂ ಗೊತ್ತಿಲ್ಲ."

ರೂಬೆನ್‌ಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು... ಎತ್ತಲಿಲ್ಲ. ಸಂಜೆ ಆರಕ್ಕೆ ಸರಿಯಾಗಿ ಹಾಲ್‌ಗೆ ಹೋಗಿ, ಅವನು ಹೇಳಿದ ಹಾಗೆಯೇ, ಹದಿನೇಳಕ್ಕೂ ಗಟ್ಟಿ ಬೆಣೆ ಹಾಕಿದಳು. ಡೊರೀನಕ್ಕನ ಗಂಡನನ್ನು ಕರೆದು ಹದಿನೆಂಟನೆಯದನ್ನು ಎತ್ತಿ ಮಲಗಿಸಿ, ಒದ್ದೆ ಗೋಣಿ ಹೊದಿಸಿದಳು. ಮುಂದೆ ಒಂದು ಕಾರ್ಡು ಬರೆದು ತೂಗುಹಾಕಿದಳು.

'ಈ ಬಿಯರ್ ಇನ್ನೂ ಸಿದ್ಧವಾಗಿಲ್ಲ. ತಪ್ಪು ಬಿಯರಿನದಲ್ಲ, ಮಾಡಿದವನದೂ ಅಲ್ಲ. ಸಿಟ್ಟಿನಲ್ಲಿ ಅಲುಗಾಡಿಸಿದವಳು ನಾನು. ಹೆಸ್ಟರ್ ಗ್ಯಾಲಿಮೋರ್.'

ಬರೆದವಳು ತನ್ನ ಹೆಸರನ್ನು ಮಾತ್ರ ಮರೆಯಲಿಲ್ಲ.

*

ಶುಕ್ರವಾರ ಮಧ್ಯಾಹ್ನ ಹಾಲ್ ಕಿಕ್ಕಿರಿದಿತ್ತು. ಸುತ್ತಲ ಹಳ್ಳಿಗಳವರು, ಪ್ರತಿ ಬಿಯರನ್ನೂ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಗಡ್ಡದ ಯಾತ್ರಿಕರು, ಮುಂದಿನ ಸಾಲಿನಲ್ಲಿ ಸಮಿತಿಯವರು. ಹೆಸ್ಟರಳ ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ರೂಬೆನ್ ಬರಲಿಲ್ಲ.

ಅವಳ ಕೈ ಹಿಡಿದು ಒಳಗೆ ಬಂದ ವಿಲ್ಫ್, ಒಂದನೇ ಪೀಪಾಯಿಯ ನಲ್ಲಿಯನ್ನು ತಡವಿ ತಿರುಗಿಸಿದ. ಲೋಟ ತುಂಬುವುದನ್ನು ಸದ್ದಿನಲ್ಲೇ ಅಳೆದು ನಿಲ್ಲಿಸಿದ. ಮೂವತ್ತೊಂದು ವರ್ಷದ ಕೈ ಅದು. ಆಮೇಲೆ ಜನರ ಕಡೆ ತಿರುಗಿದ.

"ಹೋದ ವರ್ಷ ನಾನು ಓದಲಿಲ್ಲ" ಎಂದ. "ಕಣ್ಣು ಹೋಗಿತ್ತು, ಬಾಯಿಪಾಠ ಒಪ್ಪಿಸಿದೆ. ನೀವು ಕೆಸರು ಕುಡಿದ್ರಿ. ಇವತ್ತು ಹೆಸ್ಟರ್ ಓದ್ತಾಳೆ."

ಲೋಟವನ್ನೂ, ಜೇಬಿನಿಂದ ತೆಗೆದ ಆ ಹಳೇ ಕಾರ್ಡನ್ನೂ ಅವಳ ಕೈಗಿಟ್ಟ.

ಹೆಸ್ಟರ್ ಲೋಟವನ್ನು ಬೆಳಕಿಗೆ ಎತ್ತಿದಳು. ಕಾರ್ಡನ್ನು ಗಾಜಿಗೆ ಒತ್ತಿ ಹಿಡಿದಳು. ಜೇನು ಬಣ್ಣದ ಬಿಯರಿನಾಚೆ ಆ ಉದ್ದ ಬಾಲದ ಅಕ್ಷರಗಳು ಒಂದೊಂದೂ ನಿಚ್ಚಳವಾಗಿ, ದಪ್ಪವಾಗಿ ಎದ್ದು ಬಂದವು. ಅವಳು ಓದಿದಳು. ಕೊನೆಯ ಸಾಲನ್ನೂ ಓದಿ ಮುಗಿಸಿದಳು.

"ಈ ಸಲ ಕಣ್ಣಿದ್ದವರೇ ನೋಡಿಕೊಂಡಿದ್ದಾರೆ" ಎಂದ ವಿಲ್ಫ್. "ಅದನ್ನ ಬರೆದವನೇ ಬಂದು ನೋಡಿಕೊಂಡ. ಇನ್ನು ಕುಡೀರಿ."

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಸಮಿತಿಯ ಅಧ್ಯಕ್ಷೆ ಎರಡನೇ ಲೋಟ ಮುಗಿಸಿ, ಮುಂದಿನ ಸೆಪ್ಟೆಂಬರಿಗೆ ನಾಯಿಗಳು ಬೇರೆ ಜಾಗ ನೋಡಿಕೊಳ್ಳಲಿ ಎಂದು ಅಲ್ಲೇ ಹೇಳಿಬಿಟ್ಟಳು.

ಹಬ್ಬ ಗೆದ್ದಿತು. ಹೆಸ್ಟರ್ ನಗುತ್ತಲೇ ಲೋಟ ತುಂಬಿಕೊಟ್ಟಳು. ಆದರೆ ಹದಿನೆಂಟನೇ ಪೀಪಾಯಿಯ ಮುಂದೆ ಜನ ನಿಂತು ಕಾರ್ಡು ಓದುವುದನ್ನು ಕಂಡಾಗೆಲ್ಲ ಅವಳ ಮುಖ ಕೆಂಪಾಗುತ್ತಿತ್ತು. ಶನಿವಾರ ಸಂಜೆಯ ಹೊತ್ತಿಗೆ ಇಡೀ ಕಣಿವೆಗೇ ಅವಳ ಸಿಟ್ಟಿನ ಕಥೆ ಗೊತ್ತಾಗಿತ್ತು.

"ಸಿಟ್ಟು ಬಂದಿದ್ದು ಬಿಯರ್ ಮೇಲಾ, ಬಿಯರ್ ಮಾಡಿದವನ ಮೇಲಾ ಕೂಸೇ?" ಎಂದು ಕೇಳಿ ಡೊರೀನಕ್ಕ ಮತ್ತೊಮ್ಮೆ ಕೆಮ್ಮಿದಳು.

ಶನಿವಾರವೂ ಅವನು ಬರಲಿಲ್ಲ.

*

ಭಾನುವಾರ ಮಧ್ಯಾಹ್ನ, ಹದಿನೇಳು ಪೀಪಾಯಿ ಬರಿದಾಗಿ ಜನ ಚದುರಿದ ಮೇಲೆ, ಬಾಗಿಲಲ್ಲಿ ಒಂದು ನೆರಳು ಬಿತ್ತು.

"ನನ್ನ ಪೀಪಾಯಿ ತಗೊಂಡು ಹೋಗೋಕೆ ಬಂದೆ" ಎಂದ ರೂಬೆನ್. ಅವಳ ಕಡೆ ನೋಡಲಿಲ್ಲ. ಹದಿನೆಂಟರ ಹತ್ತಿರ ಹೋಗಿ ಬಗ್ಗಿದ. ಕಾರ್ಡು ಕಂಡಿತು.

ಓದಿದ. ಇನ್ನೊಮ್ಮೆ ಓದಿದ.

"ಇದು ಯಾವಾಗಿಂದ ಇಲ್ಲಿದೆ?"

"ಗುರುವಾರ ಸಂಜೆಯಿಂದ" ಎಂದಳು ಹೆಸ್ಟರ್. "ಬಂದವರೆಲ್ಲ ಓದಿದ್ದಾರೆ. ಫೋನ್ ಮಾಡಿದೆ, ನೀವು ಎತ್ತಲಿಲ್ಲ."

"ಬೈತೀರಿ ಅಂದುಕೊಂಡೆ."

"ಬೈಸಿಕೊಳ್ಳೋಕೆ ಮಾಡಿದ್ದೆ. ನೀವು ಬರೆದದ್ದು ಸತ್ಯ, ರೂಬೆನ್. ಅದನ್ನ ಹೇಳಬೇಕಾದವಳು ನಾನಾಗಿದ್ದೆ. ಮಾವನಿಗೆ ನೋವಾಗುತ್ತೆ ಅಂತ ಸೊಗಸಾಗಿದೆ ಅಂದೆ. ನಿಮ್ಮ ಮೂರು ವಾರದ ನಿದ್ದೆ ನನಗೆ ನೆನಪಾಗಲೇ ಇಲ್ಲ."

ಅವನು ಮಂಡಿಯೂರಿ, ಪೀಪಾಯಿಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿದ. ಬುಧವಾರ ಬೆಳಿಗ್ಗೆ ಕಂಡ ಹಾಗೆಯೇ! ಆವತ್ತು ಕೊಡತಿ ಎತ್ತಿದ್ದವಳು ಇವತ್ತು ಉಸಿರು ಬಿಗಿಹಿಡಿದು ನಿಂತಳು.

"ಕೂತಿದೆ" ಎಂದ.

ನಲ್ಲಿ ಬಡಿದವಳು ಹೆಸ್ಟರ್. ಒಂದೇ ಏಟು. ಮೊದಲ ಅರ್ಧ ಲೋಟ ಚೆಲ್ಲಿ, ಎರಡನೆಯದನ್ನು ತುಂಬಿ, ಕಿಟಕಿಯ ಬೆಳಕಿಗೆ ಎತ್ತಿದಳು. ಬಿಯರ್ ತಾಮ್ರದ ಹಾಗೆ ಹೊಳೆಯಿತು. ರೂಬೆನ್ ದಾರದಿಂದ ಅವಳ ಕಾರ್ಡನ್ನು ಬಿಚ್ಚಿ, ಬೆನ್ನು ತಿರುಗಿಸಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲಿನಿಂದ ಅದರ ಹಿಂಬದಿಗೆ ಏನೋ ಗೀಚಿದ. ಆಮೇಲೆ ಲೋಟದ ಆಚೆ ಹಿಡಿದ.

"ಅಕ್ಷರ ಎಡಬಲ ತಿರುಗಿ ಕಾಣ್ತಿದೆ" ಎಂದಳು. "ಇನ್ನೂ ಹತ್ತಿರ ಹಿಡೀರಿ."

ಅವನು ಹತ್ತಿರ ಬಂದ. ಕಾರ್ಡು ಗಾಜಿಗೆ ತಾಗಿತು. ಲೋಟ ಹಿಡಿದ ಅವಳ ಬೆರಳಿಗೆ ಅವನ ಬೆರಳು ತಾಗಿತು. ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

'ಮುಂದಿನ ವರ್ಷವೂ ನನ್ನನ್ನು ಕರೆಸುತ್ತೀರಾ?'

"ಇಲ್ಲ" ಎಂದಳು ಹೆಸ್ಟರ್.

ಅವನ ಮುಖ ಬಾಡಿತು. ಅವಳು ತಡಮಾಡಲಿಲ್ಲ.

"ಕರೆಸೋದು ಹೊರಗಿನವರನ್ನ. ನೀನು ಈ ವರ್ಷದಿಂದ ಇಲ್ಲೇ ಇರ್ತೀಯ ಅಂದುಕೊಂಡಿದ್ದೀನಿ. ನನ್ನ ಜೊತೆ. ತಪ್ಪು ತಿಳಿದಿದ್ರೆ ಅದನ್ನೂ ಬರೆದುಬಿಡು, ಓದ್ತೀನಿ."

ರೂಬೆನ್ ಪೆನ್ಸಿಲನ್ನು ಮೇಜಿನ ಮೇಲಿಟ್ಟ.

"ಬರೆಯೋಕೆ ಇನ್ನೇನೂ ಇಲ್ಲ, ಹೆಸ್ಟರ್" ಎಂದ. "ಗುರುವಾರ ಒಂದೇ ಫ್ಲಾಸ್ಕಲ್ಲಿ ಚಹಾ ಕುಡಿದಾಗಲೇ ನಾನು ಇಲ್ಲಿಯವನಾಗಿಬಿಟ್ಟೆ."

ಬಾಗಿಲ ಬಳಿಯ ಕುರ್ಚಿಯಿಂದ ವಿಲ್ಫ್ ಮಾವನ ದನಿ ಬಂತು. ಅವನು ಅಲ್ಲಿರುವುದನ್ನು ಇಬ್ಬರೂ ಮರೆತೇಬಿಟ್ಟಿದ್ದರು.

"ಏನೇ, ಓದೋಕೆ ಬರ್ತಿದೆಯಾ?"

ಹೆಸ್ಟರ್ ರೂಬೆನ್‌ನ ಕೈ ಹಿಡಿದುಕೊಂಡು ಉತ್ತರಿಸಿದಳು.

"ಒಂದಕ್ಷರಾನೂ ಬಿಡದೆ ಓದಿದೆ ಮಾವ."